ಕವಳಿ ಬೇಲಿಯ ಕಥೆ: ಉಪ್ಪಿಗೆ ಅಡ್ಡ ನಿಂತ ಮುಳ್ಳು, ಹಕ್ಕಿಗೆ ಸಿಕ್ಕ ಹಣ್ಣು

ಕಳೆದ ವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಸಮಯ ಸಾಲದೆ ಬಿಟ್ಟಿದ್ದ ಕೆಲವು ವಿಷಯಗಳನ್ನ ಇಲ್ಲಿ ಸೇರಿಸಿದ್ದೀನಿ.

ಆಫೀಸಲ್ಲಿ ಯಾರದೋ ಬರ್ತ್‌ಡೇ, ಕೇಕ್ ಕಟ್ ಆಗುತ್ತೆ. ಕೇಕ್ ಮೇಲೆ ಕೆಂಪಗೆ ಹೊಳೆಯೋ ಒಂದು ಚೆರಿ ಇರುತ್ತಲ್ಲ, ಅದು ಬಹಳಷ್ಟು ಸಲ ಚೆರಿಯೇ ಅಲ್ಲ. ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ಅದ್ದಿ, ಕೆಂಪು ಬಣ್ಣ ಹಾಕಿದ ಕವಳಿ ಕಾಯಿ ಅದು. ಹೌದು, ನಮ್ಮ ಕವಳಿ ಹಣ್ಣು. ಧಾರವಾಡ, ಬೆಳಗಾವಿ ಕಡೆಯವರು ಕವಳಿ ಅಂತೀವಿ, ಮಲೆನಾಡಲ್ಲಿ ಕವಳೆ, ದಕ್ಷಿಣ ಕನ್ನಡದಲ್ಲಿ ಕರಂಡೆ. ಮುಂಬೈ, ಪುಣೆಯಲ್ಲಿ ಇರೋರು ಕರವಂದ ಅಂತ ಕೇಳಿರ್ತೀರಿ. ಹೈದರಾಬಾದಿನವರು ವಾಕ್ಕಾಯ ಪಪ್ಪು ಉಂಡಿರ್ತೀರಿ. ಚೆನ್ನೈನಲ್ಲಿ ಕಳಾಕ್ಕಾಯ್ ಉಪ್ಪಿನಕಾಯಿ, ದಿಲ್ಲಿಯಲ್ಲಿ ಕರೌಂದಾ. ನಾವೆಲ್ಲ ಎಲ್ಲೆಲ್ಲಿ ಹೋಗಿ ಕೂತಿದ್ದೀವೋ ಅಲ್ಲೆಲ್ಲ ಈ ಗಿಡ ನಮಗಿಂತ ಮೊದಲೇ ಇದೆ.

ನನಗೆ ಈ ಹಣ್ಣು ಅಂದ್ರೆ ಅಳ್ನಾವರ ಸ್ಟೇಷನ್ ನೆನಪು. ಮೇ ತಿಂಗಳಲ್ಲಿ ಹೆಂಗಸರು ಎಲೆಯ ದೊನ್ನೆಯಲ್ಲಿ ಕಪ್ಪಗೆ ಮಿನುಗೋ ಹಣ್ಣು ತುಂಬಿಕೊಂಡು ರೈಲಿನ ಕಿಟಕಿಗೆ ಹಿಡಿಯೋರು. ಅಜ್ಜಿ ಕೊಡಿಸೋಳು, ಕೊಡಿಸುವಾಗ ಪ್ರತಿ ಸಲ ಅದೇ ಮಾತು: "ತಮ್ಮಾ, ಸಾವಕಾಶ ತಿನ್ನು. ಅದರ ಹಾಲು ತುಟಿಗೆ ಹತ್ತಿದ್ರ ಬಿಡಂಗಿಲ್ಲ." ಪುಣೆಯ ರಸ್ತೆಯಲ್ಲಿ ಇದೇ ಹಣ್ಣನ್ನ 'ಡೋಂಗರಾಚಿ ಕಾಳಿ ಮೈನಾ', ಅಂದ್ರೆ ಗುಡ್ಡದ ಕರಿ ಮೈನಾ ಅಂತ ಕೂಗಿ ಮಾರ್ತಾರೆ. ಮೊದಲ ಸಲ ಆ ಕೂಗು ಕೇಳಿ ಬಾಲ್ಕನಿಗೆ ಓಡಿ ಬಂದಿದ್ದೆ, ಹಕ್ಕಿ ಮಾರೋಕೆ ಬಂದಿದ್ದಾರೆ ಅಂತ.

ಇವತ್ತಿನ ಕಥೆ ಈ ಗಿಡದ್ದು. ನಮ್ಮ ಸೊಸೈಟಿಯ ಬೇಲಿಯಿಂದ ಶುರುವಾಗಿ ಬ್ರಿಟಿಷರ ಕಾಲದ ಒಂದು ಬೇಲಿಗೆ ಹೋಗಿ ವಾಪಸ್ ಬರುತ್ತೆ.

ಹಕ್ಕಿಗೆ ಅಂತ ಕೇಳಿದೆ, ಮುಳ್ಳಿಗೆ ಅಂತ ಪಾಸ್ ಆಯ್ತು

ನಾನಿರೋದು ಪುಣೆಯ ಐಟಿ ಪಾರ್ಕ್ ಪಕ್ಕದ ಒಂದು ಸೊಸೈಟಿಯಲ್ಲಿ. ಹಿಂದುಗಡೆ ಸುಮಾರು 130 ಅಡಿ ಉದ್ದಕ್ಕೆ ಗೋಡೆ ಇಲ್ಲ, ತಂತಿ ಜಾಲರಿ ಇದೆ. ಅದಕ್ಕೆ ತಾಗಿ ಡುರಾಂಟಾ ಗಿಡದ ಸಾಲು. ತಿಂಗಳಿಗೊಮ್ಮೆ ಮಾಲಿ ಬಂದು ಇಸ್ತ್ರಿ ಮಾಡಿದ ಹಾಗೆ ಕತ್ತರಿಸಿ ಹೋಗ್ತಿದ್ದ. ಹಾಗೆ ಕತ್ತರಿಸಿದ ಗಿಡದಲ್ಲಿ ಹೂವೂ ಇಲ್ಲ, ಕಾಯಿಯೂ ಇಲ್ಲ, ಹಕ್ಕಿ ಕೂರೋದಂತೂ ದೂರದ ಮಾತು. ಒಂದು ಬೇಸಿಗೆಯಲ್ಲಿ ಆ ಸಾಲು ಒಣಗಿ ಹೋದಾಗ ನಾನು ಕಮಿಟಿ ಮುಂದೆ ಒಂದು ಪ್ರಸ್ತಾಪ ಇಟ್ಟೆ: ಈ ಸಲ ನಮ್ಮ ನೆಲದ ಗಿಡ ಹಾಕೋಣ, ಕರವಂದ ಹಾಕೋಣ.

ಐದು ಸ್ಲೈಡ್ ಮಾಡಿಕೊಂಡು ಹೋಗಿದ್ದೆ. ನಾಲ್ಕರಲ್ಲಿ ಹೂವು, ಹಣ್ಣು, ಪಿಕಳಾರ, ಚಿಟ್ಟೆ. ಐದನೇದರಲ್ಲಿ ಮುಳ್ಳಿನ ಫೋಟೋ, ಕೆಳಗೆ 'ನ್ಯಾಚುರಲ್ ಸೆಕ್ಯೂರಿಟಿ' ಅಂತ ಬರೆದಿದ್ದೆ. ಮೊದಲ ನಾಲ್ಕು ಸ್ಲೈಡ್ ಆಗೋವರೆಗೆ ಎಲ್ಲರೂ ಮೊಬೈಲ್ ನೋಡ್ತಿದ್ರು. ಐದನೇದಕ್ಕೆ ಒಬ್ಬ ಕಾಕಾ ತಲೆ ಎತ್ತಿದರು. "ಮುಳ್ಳಿದೆಯಾ? ಹಿಂದಿನ ಶೆಡ್ಡಿನ ಹುಡುಗರು ಒಳಗೆ ನುಗ್ಗೋದು ನಿಲ್ಲುತ್ತಲ್ಲ, ಹಾಗಾದ್ರೆ ಹಾಕಿ." ಎರಡು ನಿಮಿಷದಲ್ಲಿ ಪಾಸ್ ಆಯ್ತು.

ಹಿಂದೆ ಕಟ್ಟಡ ಕೆಲಸದವರ ತಗಡಿನ ಶೆಡ್‌ಗಳಿದ್ವು. ಅಲ್ಲಿನ ಮಕ್ಕಳು ನಮ್ಮ ಆಟದ ಜಾಗಕ್ಕೆ ಬರ್ತಾರೆ ಅಂತ ಸೊಸೈಟಿಯಲ್ಲಿ ಗೊಣಗಾಟ ಇತ್ತು. ನಾನು ಏನೂ ಮಾತಾಡಲಿಲ್ಲ. ಪ್ರಸ್ತಾಪ ಪಾಸ್ ಆಗಿದೆಯಲ್ಲ, ಯಾಕೆ ಪಾಸ್ ಆಯ್ತು ಅನ್ನೋದು ನಮಗ್ಯಾಕೆ ಅಂದುಕೊಂಡೆ. ಸಸಿ ನೆಟ್ಟಾದ ಮೇಲೆ ಈ ಗಿಡದ ಬಗ್ಗೆ ಇನ್ನಷ್ಟು ಓದೋಕೆ ಕೂತೆ. ಓದ್ತಾ ಓದ್ತಾ ಉಪ್ಪಿನ ಬೇಲಿಯ ಕಥೆ ಸಿಕ್ತು. ಅದನ್ನ ಓದಿದ ಮೇಲೆ ನನ್ನ ಐದನೇ ಸ್ಲೈಡ್ ನನಗೇ ಚುಚ್ಚೋಕೆ ಶುರುವಾಯ್ತು.

ದೇಶಕ್ಕೆ ಅಡ್ಡಲಾಗಿ ಒಂದು ಬೇಲಿ

19ನೇ ಶತಮಾನದಲ್ಲಿ ಬ್ರಿಟಿಷರು ನಮ್ಮ ದೇಶದ ಮಧ್ಯೆ ಒಂದು ಸುಂಕದ ಗಡಿ ಹಾಕಿದ್ರು. ಇನ್‌ಲ್ಯಾಂಡ್ ಕಸ್ಟಮ್ಸ್ ಲೈನ್ ಅಂತ ಅದರ ಹೆಸರು. ಬಂಗಾಳ ಪ್ರಾಂತ್ಯದಲ್ಲಿ ಉಪ್ಪಿನ ಮೇಲೆ ಭಾರೀ ತೆರಿಗೆ ಇತ್ತು, ಒಂದು ಮಣಕ್ಕೆ 3 ರೂಪಾಯಿಗೂ ಹೆಚ್ಚು. ಮಣ ಅಂದ್ರೆ ಸುಮಾರು 37 ಕೆಜಿ. ಆ ಕಾಲದ ಒಬ್ಬ ಕೂಲಿಯವನ ತಿಂಗಳ ದುಡಿಮೆಯೂ ಹೆಚ್ಚುಕಡಿಮೆ ಅಷ್ಟೇ. ಮುಂಬೈ, ಮದ್ರಾಸ್ ಪ್ರಾಂತ್ಯಗಳಲ್ಲಿ ತೆರಿಗೆ ಅದಕ್ಕಿಂತ ಬಹಳ ಕಡಿಮೆ. ರಾಜಸ್ಥಾನದ ಸಂಸ್ಥಾನಗಳಲ್ಲಿ ಸಾಂಭರ್ ಸರೋವರದ ಉಪ್ಪು ಅಗ್ಗಕ್ಕೆ ಸಿಗ್ತಿತ್ತು. ಒಂದು ಕಡೆ ಅಗ್ಗ, ಇನ್ನೊಂದು ಕಡೆ ತುಟ್ಟಿ ಅಂದ ಮೇಲೆ ಕಳ್ಳಸಾಗಣೆ ಆಗದೇ ಇರುತ್ತಾ?

ಅದನ್ನ ತಡೆಯೋಕೆ 1803ರಿಂದ ಸುಂಕದ ಕಟ್ಟೆಗಳು ಬಂದ್ವು. 1843ರ ಹೊತ್ತಿಗೆ ಅವೆಲ್ಲ ಸೇರಿ ಒಂದು ಗೆರೆಯಾಯ್ತು. ಆಮೇಲೆ ಆ ಗೆರೆ ಬೆಳೀತಾ ಹೋಯ್ತು. 1869ರಲ್ಲಿ ವಾಯವ್ಯದ ಸಿಂಧೂ ನದಿಯಿಂದ ಶುರುವಾಗಿ, ದಿಲ್ಲಿ, ಆಗ್ರಾ, ಝಾನ್ಸಿ ಪ್ರದೇಶಗಳನ್ನ ಹಾದು, ಮಧ್ಯಭಾರತ ಸೀಳಿಕೊಂಡು ಒಡಿಶಾದ ಮಹಾನದಿ ತನಕ 2,300 ಮೈಲಿ ಉದ್ದ ಇತ್ತು. ಸುಮಾರು 1,700 ಕಾವಲು ಠಾಣೆ, ಹತ್ತಿರಹತ್ತಿರ 12,000 ಜನ ಕಾವಲು. ಈ ಗೆರೆ ಕರ್ನಾಟಕದ ಕಡೆಗೆ ಬರಲಿಲ್ಲ, ಕಡಿಮೆ ತೆರಿಗೆಯ ದಕ್ಷಿಣ ಅದರಾಚೆ ಉಳೀತು. ಆದರೆ ಇದನ್ನ ಓದ್ತಿರೋ ದಿಲ್ಲಿ ಕನ್ನಡಿಗರು ವೀಕೆಂಡಿಗೆ ಆಗ್ರಾ ಕಡೆ ಹೋಗಿ ಬರುವಾಗ ಆ ಪ್ರದೇಶದಲ್ಲೇ ಓಡಾಡ್ತಿರ್ತೀರಿ.

ಇಷ್ಟು ಉದ್ದಕ್ಕೆ ಗೋಡೆ ಕಟ್ಟೋದು ಯಾರಿಂದ ಆಗುತ್ತೆ? ಅದಕ್ಕೆ ಮುಳ್ಳಿನ ಬೇಲಿ ಹಾಕಿದ್ರು. ಮೊದಮೊದಲು ಒಣ ಮುಳ್ಳು. ಕಡಿದ ಮುಳ್ಳುಕೊಂಬೆಗಳನ್ನ ಗಾಡಿಗಟ್ಟಲೆ ತಂದು ಒಡ್ಡೋದು. ಒಂದು ಮೈಲಿಗೆ 250 ಟನ್ ಮುಳ್ಳು ಬೇಕಾಗ್ತಿತ್ತು ಅಂತ ಲೆಕ್ಕ ಇದೆ. ಹಾಕಿದ್ದನ್ನ ಗೆದ್ದಲು ತಿನ್ನೋದು, ಬೆಂಕಿ ಬೀಳೋದು, ಬಿರುಗಾಳಿಗೆ ಹಾರಿ ಹೋಗೋದು. ಪ್ರತಿ ವರ್ಷ ಅದೇ ರಗಳೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಮೇಂಟೆನೆನ್ಸ್ ಖರ್ಚು ಕೈ ಮೀರಿತ್ತು.

ಆಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಒಣಬೇಲಿಯಿಂದ ಉದುರಿದ ಬೀಜ ಅಲ್ಲಲ್ಲಿ ಮೊಳೆತು ತಾನಾಗಿಯೇ ಹಸಿರು ಬೇಲಿ ಆಗ್ತಿತ್ತು. ಸತ್ತ ಮುಳ್ಳಿನ ಬದಲು ಜೀವಂತ ಮುಳ್ಳನ್ನೇ ಯಾಕೆ ಬೆಳೆಸಬಾರದು ಅನ್ನೋ ಯೋಚನೆಯನ್ನ ಒಬ್ಬ ಅಧಿಕಾರಿ ಗಟ್ಟಿಯಾಗಿ ಹಿಡಿದರು. ಅವರ ಹೆಸರು ಅಲನ್ ಆಕ್ಟೇವಿಯನ್ ಹ್ಯೂಮ್.

ಬೇಲಿಯ ಸಾಹೇಬ, ಹಕ್ಕಿಯ ಸಾಹೇಬ

ಹ್ಯೂಮ್ ಅಂದ್ರೆ ಸ್ಕೂಲಲ್ಲಿ ಓದಿದ್ದು ನೆನಪಾಗಬೇಕು. 1885ರಲ್ಲಿ ಕಾಂಗ್ರೆಸ್ ಹುಟ್ಟಿಸಿದವರಲ್ಲಿ ಮುಖ್ಯರಾದವರು. ಆ ಹ್ಯೂಮ್ 1867ರಿಂದ 1870ರವರೆಗೆ ಈ ಸುಂಕದ ಗೆರೆಯ ಕಮಿಷನರ್ ಆಗಿದ್ರು. ನಮ್ಮ ಪಠ್ಯಪುಸ್ತಕದಲ್ಲಿ ಇದು ಇರಲಿಲ್ಲ.

ಹ್ಯೂಮ್ ಕೆಲಸ ಮಾಡಿದ ರೀತಿ ನೋಡಿದ್ರೆ ಇಂಜಿನಿಯರ್‌ಗೆ ಮೆಚ್ಚುಗೆ ಆಗದೇ ಇರಲ್ಲ. ಹೊರಗಿನ ಗಿಡ ತರಿಸೋಕೆ ಹೋಗದೆ, ಯಾವ ಮಣ್ಣಿಗೆ, ಎಷ್ಟು ಮಳೆಗೆ ಯಾವ ದೇಸಿ ಮುಳ್ಳುಗಿಡ ಒಗ್ಗುತ್ತೆ ಅಂತ ಪ್ರಯೋಗ ಮಾಡಿಸಿದ್ರು. ಕೊನೆಗೆ ಬೇಲಿಯ ಮೈ ತುಂಬಿದ್ದು ಮುಖ್ಯವಾಗಿ ಬೋರೆ, ಜಾಲಿ, ಕವಳಿ ಮತ್ತು ಕಳ್ಳಿಯ ಜಾತಿಗಳಿಂದ. ಏನೂ ಬೆಳೆಯದ ಹಿಸ್ಸಾರ್ ಕಡೆ ಪಾಪಾಸುಕಳ್ಳಿ ಹಾಕಿದ್ರು. ಮಣ್ಣು ಕೆಟ್ಟಿದ್ದ ಕಡೆ ಕಾಲುವೆ ತೋಡಿ ಒಳ್ಳೆ ಮಣ್ಣು ತುಂಬಿಸಿದ್ರು. ನೀರು ನಿಲ್ಲೋ ಕಡೆ ಏರಿ ಕಟ್ಟಿ ಅದರ ಮೇಲೆ ನೆಟ್ಟರು. ಬಾವಿ ತೋಡಿಸಿ ನೀರು ಹಾಕಿಸಿದ್ರು. ಚೆನ್ನಾಗಿ ಬಂದ ಕಡೆ ಬೇಲಿ 10ರಿಂದ 14 ಅಡಿ ಎತ್ತರ, 6ರಿಂದ 12 ಅಡಿ ದಪ್ಪ. ಮನುಷ್ಯನೂ ದಾಟಬಾರದು, ದನವೂ ದಾಟಬಾರದು. 1878ರ ಹೊತ್ತಿಗೆ ಒಳ್ಳೆಯ ಹಸಿರು ಬೇಲಿಯೇ 400 ಮೈಲಿ ದಾಟಿತ್ತು. ಆ ಕಾಲದವರು ಇದನ್ನ ಚೀನಾದ ಗೋಡೆಗೆ ಹೋಲಿಸಿದ್ದುಂಟು.

ಈಗ ಎರಡನೇ ವಿಷಯಕ್ಕೆ ಬರ್ತೀನಿ. ಇದೇ ಹ್ಯೂಮ್ ಭಾರತದ ಪಕ್ಷಿವಿಜ್ಞಾನಕ್ಕೆ ತಳಪಾಯ ಹಾಕಿದವರು. 1869ರಲ್ಲಿ, ಅಂದ್ರೆ ಬೇಲಿಯ ಕಮಿಷನರ್ ಆಗಿದ್ದಾಗಲೇ, ಭಾರತದ ಹಕ್ಕಿಗಳ ಬಗ್ಗೆ, ಅವುಗಳ ಮೊಟ್ಟೆಗಳ ಬಗ್ಗೆ ಒಂದು ಪುಸ್ತಕ ಹೊರತಂದ್ರು. ಆಮೇಲೆ 'ಸ್ಟ್ರೇ ಫೆದರ್ಸ್' ಅನ್ನೋ ಪಕ್ಷಿಪತ್ರಿಕೆ ನಡೆಸಿದ್ರು. ದೇಶದ ಮೂಲೆಮೂಲೆಯಿಂದ ಹಕ್ಕಿಯ ಚರ್ಮ, ಗೂಡು, ಮೊಟ್ಟೆ ತರಿಸಿ ಶಿಮ್ಲಾದ ಮನೆಯಲ್ಲಿ ಇಡ್ತಿದ್ರು. 1885ರಲ್ಲಿ ಆ ಸಂಗ್ರಹವನ್ನ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟಾಗ ಅದರಲ್ಲಿ ಸುಮಾರು 80,000 ವಸ್ತುಗಳಿದ್ವು. ವರ್ಷಗಟ್ಟಲೆ ಬರೆದಿಟ್ಟಿದ್ದ ಹಸ್ತಪ್ರತಿಯನ್ನ ಮಾತ್ರ ಮನೆಯ ಆಳು ರದ್ದಿಗೆ ಮಾರಿಬಿಟ್ಟಿದ್ದ. ಬ್ಯಾಕಪ್ ಇರಲಿಲ್ಲ.

ಒಮ್ಮೆ ಯೋಚನೆ ಮಾಡಿ. ಯಾವ ಹಕ್ಕಿ ಎಲ್ಲಿ ಗೂಡು ಕಟ್ಟುತ್ತೆ ಅಂತ ದೇಶದಲ್ಲೇ ಚೆನ್ನಾಗಿ ಬಲ್ಲ ಮನುಷ್ಯ ನೂರಾರು ಮೈಲಿ ಉದ್ದಕ್ಕೆ ಬೋರೆ, ಕವಳಿ ಬೆಳೆಸ್ತಿದ್ದಾರೆ. ಅದೂ ಹಕ್ಕಿಗಲ್ಲ, ಬಡವನ ಗಂಟಿನಲ್ಲಿದ್ದ ಉಪ್ಪು ಹಿಡಿಯೋಕೆ. ಬೋರೆ, ಕವಳಿ ಹಣ್ಣಾದ ಕಡೆ ಪಿಕಳಾರ ಬರೋಕೆ ಯಾವ ಪರವಾನಗಿಯೂ ಬೇಕಿಲ್ಲ. ಆ ಬೇಲಿಯನ್ನ ಚೀಟಿ ಇಲ್ಲದೆ, ಸುಂಕ ಇಲ್ಲದೆ ದಾಟ್ತಿದ್ದವು ಹಕ್ಕಿಗಳು ಮಾತ್ರ. ಬಿಸಿಲಲ್ಲಿ ಬೆವರು ಸುರಿಸಿ ದುಡಿಯೋ ಮನುಷ್ಯನಿಗೆ, ಹೊಲ ಉಳೋ ಎತ್ತಿಗೆ ಉಪ್ಪು ಬೇಕೇ ಬೇಕು. ಅದಕ್ಕೆ ಮಾತ್ರ ಅಡ್ಡ.

ಹ್ಯೂಮ್ ಕೆಟ್ಟ ಮನುಷ್ಯ ಅಂತ ಹೇಳೋಕೆ ನಾನು ಹೊರಟಿಲ್ಲ. ಇಟಾವಾದಲ್ಲಿ ಕಲೆಕ್ಟರ್ ಆಗಿದ್ದಾಗ ಬಡ ಮಕ್ಕಳಿಗೆ ಶಾಲೆ ತೆರೆಸಿದವರು ಅವರು. ಗಿಡದ ಮೇಲಿನ ಪ್ರೀತಿ ಎಷ್ಟಿತ್ತು ಅಂದ್ರೆ ಇಳಿವಯಸ್ಸಿನಲ್ಲಿ, 1910ರಲ್ಲಿ, ಲಂಡನ್ನಿನಲ್ಲಿ ಒಂದು ಸಸ್ಯವಿಜ್ಞಾನ ಸಂಸ್ಥೆಯನ್ನೇ ಕಟ್ಟಿದ್ರು. ಒಳ್ಳೆ ಮನುಷ್ಯ, ಒಳ್ಳೆ ಗಿಡ, ಅಚ್ಚುಕಟ್ಟಾದ ಕೆಲಸ. ಇಷ್ಟೆಲ್ಲ ಸೇರಿಯೂ ಬೇಲಿ ಯಾರಿಗೆ ಅಡ್ಡ ನಿಂತಿದೆ ಅನ್ನೋದು ಬದಲಾಗಲಿಲ್ಲ. ನನಗೆ ಭಯ ಆಗಿದ್ದು ಇಲ್ಲೇ. ಕೆಟ್ಟವರ ಜೊತೆ ನನ್ನನ್ನ ಹೋಲಿಸಿಕೊಳ್ಳೋ ಅವಕಾಶ ಇದ್ದಿದ್ರೆ ಸುಲಭವಾಗಿ ತಪ್ಪಿಸಿಕೊಳ್ತಿದ್ದೆ.

ಬೇಲಿ ಹೋಗಿದ್ದು ಹೇಗೆ

1870ರ ಸುಮಾರಿಗೆ ಬ್ರಿಟಿಷರು ಸಾಂಭರ್ ಸರೋವರವನ್ನ ಜೈಪುರ, ಜೋಧಪುರ ಸಂಸ್ಥಾನಗಳಿಂದ ಗುತ್ತಿಗೆಗೆ ತಗೊಂಡ್ರು. ಉಪ್ಪು ಹುಟ್ಟೋ ಜಾಗದಲ್ಲೇ ತೆರಿಗೆ ವಸೂಲಿ ಮಾಡೋದು ಸಾಧ್ಯ ಆಯ್ತು. ಎಡ್ಜ್‌ನಲ್ಲಿ ಫಿಲ್ಟರ್ ಹಾಕೋ ಬದಲು ಸೋರ್ಸ್‌ನಲ್ಲೇ ಹಾಕಿದ ಹಾಗೆ. ಪ್ರಾಂತ್ಯಗಳ ನಡುವಿನ ತೆರಿಗೆ ಅಂತರವನ್ನೂ ಕಡಿಮೆ ಮಾಡಿದ್ರು. 1879ರ ಏಪ್ರಿಲ್ 1ಕ್ಕೆ ಸುಂಕದ ಗೆರೆಯ ಬಹುಪಾಲು ರದ್ದಾಯ್ತು. ಜನರ ಮೇಲಿನ ಕನಿಕರದಿಂದ ಬೇಲಿ ಹೋಗಲಿಲ್ಲ, ಅದರ ಅವಶ್ಯಕತೆ ಮುಗಿದಿತ್ತು ಅಷ್ಟೇ. ಉಪ್ಪಿನ ತೆರಿಗೆ ಮುಂದುವರೀತು. 1930ರಲ್ಲಿ ಗಾಂಧೀಜಿ ದಂಡಿಗೆ ನಡೆದಿದ್ದು, ಅದೇ ಏಪ್ರಿಲ್‌ನಲ್ಲಿ ನಮ್ಮ ಅಂಕೋಲೆಯ ಜನ ಕಡಲದಂಡೆಯಲ್ಲಿ ಉಪ್ಪು ಮಾಡಿದ್ದು ಇದೇ ತೆರಿಗೆಯ ವಿರುದ್ಧ.

ಬೇಲಿ ಮಾತ್ರ ನೆಲದಿಂದಷ್ಟೇ ಅಲ್ಲ, ನೆನಪಿನಿಂದಲೂ ಹೋಯ್ತು. ಜನ ಸೌದೆಗೆ ಕಡಿದ್ರು, ಹೊಲಕ್ಕೆ ಸೇರಿಸಿಕೊಂಡ್ರು, ಏರಿಯ ಮೇಲೆ ಅಲ್ಲಲ್ಲಿ ರಸ್ತೆಯಾಯ್ತು. 1995ರಲ್ಲಿ ರಾಯ್ ಮಾಕ್ಸ್‌ಹ್ಯಾಮ್ ಅನ್ನೋ ಲಂಡನ್ನಿನ ಗ್ರಂಥಾಲಯ ಉದ್ಯೋಗಿ ಹಳೆ ಪುಸ್ತಕದ ಅಂಗಡಿಯಲ್ಲಿ ಸ್ಲೀಮನ್ ಬರೆದ ಪುಸ್ತಕ ಕೊಂಡರು. ಅದರ ಒಂದು ಅಡಿಟಿಪ್ಪಣಿಯಲ್ಲಿ ಈ ಬೇಲಿಯ ಪ್ರಸ್ತಾಪ ಇತ್ತು. ಮೂರು ಸಲ ಭಾರತಕ್ಕೆ ಬಂದು ಹುಡುಕಿದ್ರು. 1998ರಲ್ಲಿ ಇಟಾವಾ ಜಿಲ್ಲೆಯಲ್ಲಿ, ಹೌದು, ಹ್ಯೂಮ್ ಕಲೆಕ್ಟರ್ ಆಗಿದ್ದ ಅದೇ ಇಟಾವಾದಲ್ಲಿ, ಹಳೆ ಏರಿಯ ಒಂದು ತುಂಡು, ಅದರ ಮೇಲೆ ಮುಳ್ಳುಗಿಡಗಳು ಸಿಕ್ಕವು. 2001ರಲ್ಲಿ ಆ ಹುಡುಕಾಟ ಪುಸ್ತಕವಾಯ್ತು. ಸಾವಿರಾರು ಜನ ಕಾದ ಬೇಲಿ ಕೊನೆಗೆ ಉಳಿದಿದ್ದು ಇಷ್ಟೇ.

ನಮ್ಮ ಬೇಲಿಯ ಕಥೆ

ಈಗ ಪುಣೆಗೆ ವಾಪಸ್. ನಾಲ್ಕು ವರ್ಷದ ಹಿಂದೆ ಜೂನ್‌ನಲ್ಲಿ ಎರಡೂವರೆ ಅಡಿಗೊಂದರಂತೆ 50 ಸಸಿ ನೆಟ್ವಿ. ಮೊದಲ ಎರಡು ಬೇಸಿಗೆ ನೀರು ಹಾಕಿದ್ದು ಬಿಟ್ಟರೆ ಬೇರೆ ಆರೈಕೆ ಮಾಡಿಲ್ಲ. ಮೂರನೇ ವರ್ಷ ಮಲ್ಲಿಗೆಯ ಹಾಗಿರೋ ಬಿಳಿ ಹೂ ಬಿಡ್ತು. ಸಂಜೆ ಹೊತ್ತು ಅದರ ಪರಿಮಳಕ್ಕೆ ಪತಂಗಗಳು ಬರೋಕೆ ಶುರುವಾದವು. ಕಣಗಿಲೆ ಎಲೆ ತಿನ್ನೋ ಹಸಿರು ಪತಂಗದ ದಪ್ಪ ಹುಳು ಕವಳಿ ಎಲೆಯನ್ನೂ ತಿನ್ನುತ್ತೆ, ಅದೂ ಬಂತು. ಮಾಲಿ ಔಷಧಿ ಹೊಡೀತೀನಿ ಅಂದ, ಕೈಮುಗಿದು ತಡೆದೆ. ಹುಳು ಇದ್ದರೆ ತಾನೇ ಮರಿಗೆ ತಿನ್ನಿಸೋಕೆ ಹಕ್ಕಿ ಬರೋದು? ಕಳೆದ ವರ್ಷ ಮುಳ್ಳಿನ ಮಧ್ಯೆ ಪಿಕಳಾರದ ಗೂಡು ಕಂಡಿತು. ನಾಯಿ, ಬೆಕ್ಕು ಕೈ ಹಾಕೋ ಹಾಗಿಲ್ಲ. ಕವಲು ಕವಲಾದ ಆ ಮುಳ್ಳು ನಿಜವಾಗಿ ಕೆಲಸಕ್ಕೆ ಬರೋದು ಇಲ್ಲಿ.

ಮೇ ತಿಂಗಳಲ್ಲಿ ಹಣ್ಣು ಕಪ್ಪಾಯ್ತು. ಒಂದು ಭಾನುವಾರ ಬೆಳಗ್ಗೆ ಬೇಲಿ ಹತ್ತಿರ ನಿಂತಿದ್ದೆ. ಆ ಕಡೆಯಿಂದ ಒಂದು ಪುಟ್ಟ ಕೈ ಜಾಲರಿಯೊಳಗೆ ತೂರಿ ಮುಳ್ಳು ತಪ್ಪಿಸಿಕೊಂಡು ಹಣ್ಣು ಕೀಳ್ತಿತ್ತು. ಹಿಂದೆ ಇನ್ನೊಬ್ಬಳು ಹುಡುಗಿ. "ಲಗೂ ಹರಿಯೋ, ವಾಚ್‌ಮನ್ ಬರ್ತಾನ!"

ಕನ್ನಡ! ನಾಲ್ಕು ವರ್ಷ ಆ ತಗಡಿನ ಶೆಡ್ಡುಗಳ ಪಕ್ಕ ಇದ್ದೆ, ಅಲ್ಲಿರೋರು ಯಾವ ಊರಿನವರು ಅಂತ ಒಂದು ಸಲವೂ ಕೇಳಿರಲಿಲ್ಲ. "ಯಾವ ಊರಪ್ಪಾ ನಿಮ್ದು?" ಅಂದೆ. ಹುಡುಗ ಗಾಬರಿಯಾಗಿ ಕೈ ಎಳೆದುಕೊಂಡ, ಮುಳ್ಳು ಗೀರಿತು. ಹುಡುಗಿಯೇ ಧೈರ್ಯ ಮಾಡಿ "ಯಾದಗಿರಿ ಕಡೇವ್ರು ರೀ ಅಣ್ಣಾ" ಅಂದಳು. ಅಷ್ಟರಲ್ಲಿ ವಾಚ್‌ಮನ್ ಸೀಟಿ ಊದಿದ. ಇಬ್ಬರೂ ಓಡಿಹೋದ್ರು. ಎಲೆಯ ಮೇಲೆ ಒಂದೆರಡು ಹನಿ ರಕ್ತ ಹಾಗೇ ಇತ್ತು.

ನಾವೂ ಊರು ಬಿಟ್ಟು ಬಂದವರು, ಅವರೂ ಊರು ಬಿಟ್ಟು ಬಂದವರು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ವಲಸೆಯ ಬಗ್ಗೆ ನಾನೇ ಭಾಷಣ ಮಾಡಿದ್ದೆ. ನಾವಿರೋ ಬಿಲ್ಡಿಂಗುಗಳನ್ನ ಕಟ್ಟೋ ಜನರಿಗೆ, ಅದೂ ನಮ್ಮ ಮಾತೇ ಆಡೋ ಜನರ ಮಕ್ಕಳಿಗೆ, 'ನ್ಯಾಚುರಲ್ ಸೆಕ್ಯೂರಿಟಿ' ಅಂತ ಸ್ಲೈಡ್ ಮಾಡಿಕೊಟ್ಟವನೂ ನಾನೇ.

ಮುಂದಿನ ಮೀಟಿಂಗ್‌ನಲ್ಲಿ ಎದ್ದು ನಿಂತು ಎರಡು ವಿಷಯ ಕೇಳಿದೆ. ಒಂದು, ಜಾಲರಿಯ ಹೊರಗಿನಿಂದ ಕೈಗೆ ಎಟುಕೋ ಹಣ್ಣು ಹೊರಗಿನವರದು, ವಾಚ್‌ಮನ್ ಸೀಟಿ ಊದಬಾರದು. ಎರಡು, ಸಂಜೆ ಒಂದು ಗಂಟೆ ಆ ಮಕ್ಕಳಿಗೂ ಆಟದ ಜಾಗ ಬಿಡಬೇಕು. ಮೊದಲನೇದು ಒಪ್ಪಿದ್ರು. ಎರಡನೇದಕ್ಕೆ ಒಬ್ಬರೂ ಕೈ ಎತ್ತಲಿಲ್ಲ. ಆ ಬೇಸಿಗೆ ಮಕ್ಕಳು ಹಣ್ಣು ತಿಂದ್ರು. ಮಳೆಗಾಲದಲ್ಲಿ ಹಿಂದಿನ ಕಟ್ಟಡ ಮುಗೀತು, ಶೆಡ್ ಕಿತ್ತರು, ಅವರೆಲ್ಲ ಬೇರೆ ಸೈಟಿಗೆ ಹೋದ್ರು. ಯಾವ ಸೈಟು ಅಂತ ಕೇಳಿಟ್ಟುಕೊಳ್ಳಲಿಲ್ಲ, ಅದೊಂದು ನನ್ನ ತಪ್ಪಾಗಿ ಉಳೀತು. ಬೇಲಿಯ ಹಣ್ಣಿನ ಬೀಜದಿಂದ ಎದ್ದ 12 ಸಸಿಗಳನ್ನ ಗೇಟಿನ ಹೊರಗೆ ರಸ್ತೆ ಬದಿಗೆ ನೆಟ್ಟಿದ್ದೀನಿ. ಅಲ್ಲಿ ಜಾಲರಿಯೂ ಇಲ್ಲ, ಸೀಟಿಯೂ ಇಲ್ಲ.

ನೀವು ಬೆಳೆಸೋದಾದ್ರೆ

ಚೆನ್ನಾಗಿ ಬಿಸಿಲು ಬೀಳೋ ಜಾಗ, ನೀರು ನಿಲ್ಲದ ನೆಲ, ಇವೆರಡಿದ್ದರೆ ಸಾಕು. ಬೀಜ ಬಹಳ ದಿನ ಇಟ್ಟರೆ ಮೊಳಕೆ ಬರಲ್ಲ. ಹಣ್ಣು ತಿಂದ ಕೂಡಲೇ ಬೀಜ ತೊಳೆದು ಮಣ್ಣಿಗೆ ಹಾಕಿ. ನರ್ಸರಿಯಲ್ಲಿ ಕರವಂದ, ಕರೌಂದಾ ಅಂತ ಕೇಳಿದ್ರೆ ಸಸಿ ಸಿಗುತ್ತೆ. ಮಳೆಗಾಲದ ಶುರುವಿನಲ್ಲಿ ನೆಡಿ. ಬಾಲ್ಕನಿಯಾದ್ರೆ ದೊಡ್ಡ ಕುಂಡ ಬೇಕು, ಹಣ್ಣು ಕಡಿಮೆ ಬರುತ್ತೆ. ಸವರೋದಿದ್ರೆ ಹಣ್ಣು ಮುಗಿದ ಮೇಲೆ, ಜೂನ್ ಅಥವಾ ಜುಲೈನಲ್ಲಿ ಹಗುರವಾಗಿ ಸವರಿ, ಗೂಡು ಇದೆಯಾ ಅಂತ ಮೊದಲು ನೋಡಿ. ಮಕ್ಕಳು ಓಡಾಡೋ ದಾರಿಯ ಅಂಚಿಗೆ ಹಾಕಬೇಡಿ, ಮುಳ್ಳು ಹುಡುಗಾಟದ್ದಲ್ಲ. ಹಣ್ಣಲ್ಲಿ ಅರ್ಧ ಕೀಳಿ, ಅರ್ಧ ಹಕ್ಕಿಗೆ ಬಿಡಿ.

ಕಮಿಟಿಯಲ್ಲಿ ಇದನ್ನ ಪಾಸ್ ಮಾಡಿಸೋಕೆ ಹೋದಾಗ ಐದನೇ ಸ್ಲೈಡ್ ಹಾಕಬೇಡಿ. ಪಾಸ್ ಆಗೋದು ಒಂದು ವರ್ಷ ತಡ ಆದ್ರೂ ಪರವಾಗಿಲ್ಲ.

ನಿಮ್ಮ ಊರಲ್ಲಿ ಈ ಹಣ್ಣಿಗೆ ಏನಂತಾರೆ, ಯಾರು ಕೊಡಿಸ್ತಿದ್ರು ಅನ್ನೋದನ್ನ ಬರೆದು ಕಳಿಸಿ. ಮುಂದಿನ ಮಾತಿನಲ್ಲಿ ಓದಿ ಹೇಳ್ತೀನಿ.